ಹಾಸನದ ಮನೆಯ ಪಾಲು ಮತ್ತು ಭಾನುವಾರ ರಾತ್ರಿಯ ಈಮೇಲ್: ಇಂಗ್ಲೆಂಡಿನಲ್ಲಿ ಒಂದು ಮನೆ ಖರೀದಿಯ ಪ್ರಕರಣ

ಇದನ್ನು ಬರೆಯೋಕೆ ಆ ದಂಪತಿಯೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಬದಲಿಸಿದ್ದೇನೆ, ಇಲ್ಲಿನ ಊರಿನ ಹೆಸರು ಹೇಳುವುದಿಲ್ಲ, ಒಂದೆರಡು ಸಣ್ಣ ವಿವರ ಬೇಕಂತಲೇ ಆಚೀಚೆ ಮಾಡಿದ್ದೇನೆ. ನಾನು ಲಾಯರ್ ಅಲ್ಲ. ಹದಿನೆಂಟು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ, ಎರಡು ಮನೆ ಕೊಂಡು ಒಂದು ಮಾರಿದ್ದೇನೆ. ಹಾಗಾಗಿ ಹೊಸಬರು ಮನೆ ನೋಡೋಕೆ ಶುರು ಮಾಡಿದರೆ "ಅಕ್ಕಾ, ಒಂದು ನಿಮಿಷ" ಅಂತ ನನಗೆ ಫೋನ್ ಬರುತ್ತದೆ. ಆ ಒಂದು ನಿಮಿಷ ಯಾವತ್ತೂ ಮುಕ್ಕಾಲು ಗಂಟೆಗಿಂತ ಕಡಿಮೆ ಆಗಿದ್ದಿಲ್ಲ.

ಅವರನ್ನು ರವಿ ಮತ್ತು ದೀಪಾ ಅಂತ ಕರೆಯೋಣ. ರವಿ ಹಾಸನದವನು, ದೀಪಾ ಮೈಸೂರಿನವಳು. ಇಬ್ಬರಿಗೂ ಐಟಿ ಕೆಲಸ, ಒಂದು ಮಗು, ಆರು ವರ್ಷ ಬಾಡಿಗೆ ಮನೆ. 2024ರ ನವೆಂಬರ್ ಮೊದಲ ವಾರ ಲಂಡನ್ನಿಗೆ ರೈಲು ಇರುವ ಒಂದು ಊರಿನಲ್ಲಿ ಸಾಲುಮನೆಯೊಂದು ಇಷ್ಟವಾಯಿತು. ಹಳೇ ಇಟ್ಟಿಗೆ ಮನೆ, ಮೂರು ಬೆಡ್‌ರೂಮು, ಹಿಂದೆ ಅಡಿಗೆಮನೆಯನ್ನು ಉದ್ದ ಮಾಡಿ ಗಾಜಿನ ಬಾಗಿಲು ಹಾಕಿದ್ದರು. ದೀಪಾ ಮನಸೋತದ್ದು ಆ ಅಡಿಗೆಮನೆಗೆ. 3,85,000 ಪೌಂಡಿಗೆ ಮಾಲೀಕ ಒಪ್ಪಿದ.

ಅವಸರಕ್ಕೆ ಒಂದು ಕಾರಣ ಇತ್ತು. ಮೊದಲ ಸಲ ಮನೆ ಕೊಳ್ಳುವವರಿಗೆ ಆಗ 4,25,000 ಪೌಂಡ್‌ವರೆಗೆ ಸ್ಟಾಂಪ್ ಡ್ಯೂಟಿ ಸೊನ್ನೆ. 2025ರ ಏಪ್ರಿಲ್ 1ರಿಂದ ಆ ಮಿತಿ 3,00,000ಕ್ಕೆ ಇಳಿಯುವುದು ಗೊತ್ತಾಗಿತ್ತು. ಮಾರ್ಚ್ 31ರ ಒಳಗೆ ಕೀ ಕೈಗೆ ಬಂದರೆ ಏನೂ ಇಲ್ಲ. ಒಂದು ದಿನ ತಡವಾದರೆ 85,000ಕ್ಕೆ ಶೇ. 5, ಅಂದರೆ 4,250 ಪೌಂಡ್. ರವಿ ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದ. ಐದು ತಿಂಗಳು ಕೈಯಲ್ಲಿದೆ, ಸಾಕು ಅಂದುಕೊಂಡಿದ್ದ.

ಮೊದಲ ಲಾಯರು

ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿನ ಪದ್ಧತಿ ವಿಚಿತ್ರ ಅನ್ನಿಸುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸು ಇಲ್ಲ, ಹೆಬ್ಬೆಟ್ಟು ಒತ್ತುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದೇ ಮೇಜಿನ ಮುಂದೆ ಕೂರಬೇಕಾಗಿಯೇ ಇಲ್ಲ. ಆಫರ್ ಒಪ್ಪಿದರೂ ಅದಕ್ಕೆ ಕಾನೂನಿನ ಬೆಲೆ ಇಲ್ಲ. ಎರಡೂ ಕಡೆ ಲಾಯರುಗಳು ಪತ್ರ ಪರಿಶೀಲಿಸಿ, ಪ್ರಶ್ನೆ ಕೇಳಿ, ಉತ್ತರ ಪಡೆದು, ಕೊನೆಗೆ ಕರಾರು ಅದಲುಬದಲು ಮಾಡಿಕೊಳ್ಳುವ ದಿನ ಬರುತ್ತದೆ, ಅದಕ್ಕೆ ಎಕ್ಸ್‌ಚೇಂಜ್ ಅಂತಾರೆ. ಅಲ್ಲಿವರೆಗೆ ಯಾರು ಬೇಕಾದರೂ ಕೈ ಬಿಡಬಹುದು. ಅಲ್ಲಿಂದಾಚೆ ಹಿಂದೆ ಸರಿದರೆ ಸಾಮಾನ್ಯವಾಗಿ ಶೇ. 10 ಮುಂಗಡ ಹೋಯಿತು ಅಂತಲೇ ಲೆಕ್ಕ. ಪೂರ್ತಿ ಹಣ ಕೊಟ್ಟು ಕೀ ಪಡೆಯುವ ದಿನ ಕಂಪ್ಲೀಷನ್. ಇದೆಲ್ಲ ಮಾಡಿಸುವ ಕೆಲಸವೇ ಕನ್ವೆಯನ್ಸಿಂಗ್. ಮಾಡುವವರು ಸಾಲಿಸಿಟರ್ ಆಗಿರಬಹುದು, ಇದೊಂದೇ ಕೆಲಸಕ್ಕೆ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೆಯನ್ಸರ್ ಆಗಿರಬಹುದು. (ಇದು ಇಂಗ್ಲೆಂಡಿನ ಮಾತು. ಸ್ಕಾಟ್‌ಲೆಂಡಿನ ಪದ್ಧತಿ ಬೇರೆಯೇ.)

ಎಸ್ಟೇಟ್ ಏಜೆಂಟ್ ಆಫರ್ ಒಪ್ಪಿದ ದಿನವೇ ಒಂದು ಕಂಪನಿಯ ಹೆಸರು ಕೊಟ್ಟ. "ಇವರ ಜೊತೆ ಹೋದರೆ ಬೇಗ ಆಗುತ್ತೆ, ನಮ್ಮ ಸಿಸ್ಟಮ್ಮು ಅವರ ಸಿಸ್ಟಮ್ಮು ಕನೆಕ್ಟ್ ಆಗಿದೆ" ಅಂದ. ಹೀಗೆ ಗಿರಾಕಿ ಕಳಿಸಿದ್ದಕ್ಕೆ ಏಜೆಂಟಿಗೆ ಕಮಿಷನ್ ಸಿಗುವುದುಂಟು. ಅದನ್ನು ಅವನು ನಿಮಗೆ ಹೇಳಲೇಬೇಕು. ಇವನೂ ಹೇಳಿದ್ದ, ಈಮೇಲಿನ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ.

ಕಂಪನಿಯ ದರ 799 ಪೌಂಡ್ ಮತ್ತು ವ್ಯಾಟ್. ನಾನು ಪರಿಚಯದವರ ಮೂಲಕ ಹೇಳಿದ ಹೈಸ್ಟ್ರೀಟಿನ, ಅಂದರೆ ಊರಿನ ಮುಖ್ಯ ಬೀದಿಯ, ಸಣ್ಣ ಆಫೀಸು 1,450 ಕೇಳಿತ್ತು. ರವಿ ನಕ್ಕು, "ಅಕ್ಕಾ, ಅದೇ ಕಾಗದ, ಅದೇ ಕೆಲಸ, ಡಬಲ್ ರೇಟು" ಅಂದ. ನಾನು ಜಾಸ್ತಿ ಒತ್ತಾಯ ಮಾಡಲಿಲ್ಲ. ಅವರ ದುಡ್ಡು.

ಆಮೇಲೆ ಬಿಲ್ಲಿನ ವಿವರ ಬಂತು. ಮನೆಯವರಿಂದ ಉಡುಗೊರೆ ಹಣ ಬರುತ್ತಿದ್ದರೆ ಅದನ್ನು ಪರಿಶೀಲಿಸಲು ಬೇರೆ, ಹೊರದೇಶದ ಹಣ ಆದರೆ ಇನ್ನೂ ಬೇರೆ, ಸ್ಟಾಂಪ್ ಡ್ಯೂಟಿ ಫಾರಂ ತುಂಬಲು ಬೇರೆ, ಬ್ಯಾಂಕಿನ ಸಾಲ ಇದ್ದರೆ ಬೇರೆ, ಪ್ರತಿ ಟ್ರಾನ್ಸ್‌ಫರ್‌ಗೆ ಬೇರೆ. ನಾವಿಬ್ಬರೂ ಕೂತು ಕೂಡಿದಾಗ ವ್ಯಾಟ್ ಬಿಟ್ಟು 1,300ರ ಹತ್ತಿರ ಬಂತು. ಆದರೂ ಕಡಿಮೆಯೇ, ಅಲ್ವಾ? ಮುಂದುವರಿದರು.

ಐದು ವಾರ ಹೋಯಿತು. ಫೋನ್ ಮಾಡಿದರೆ ಪ್ರತಿ ಸಲ ಹೊಸ ದನಿ. "ನಿಮ್ಮ ಫೈಲ್ ನೋಡುವವರು ಇವತ್ತು ರಜೆ, ಪೋರ್ಟಲಿನಲ್ಲಿ ಮೆಸೇಜ್ ಹಾಕಿ." ಪೋರ್ಟಲಿನಲ್ಲಿ ಹಾಕಿದರೆ ನಾಲ್ಕು ದಿನ ಬಿಟ್ಟು ಉತ್ತರ, ಅದೂ ಕೇಳಿದ ಪ್ರಶ್ನೆಗಲ್ಲ. ಪಾಸ್‌ಪೋರ್ಟ್ ಪ್ರತಿ ಮೂರು ಸಲ ಕಳಿಸಿದರು. ಕೌನ್ಸಿಲ್ (ಇಲ್ಲಿನ ನಗರಸಭೆ) ಮತ್ತು ನೀರಿನ ಕಂಪನಿಯ ದಾಖಲೆಗಳಿಂದ ಮನೆಯ ವಿವರ ತರಿಸುವ ಸರ್ಚ್‌ಗಳಿಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಆದರೆ ನಾನು ಈ ಕಂಪನಿಯ ವಿಷಯದಲ್ಲಿ ನಿಜವಾಗಿ ದೂರುವುದು ತಡವನ್ನಲ್ಲ. ಅವರ ಆನ್‌ಲೈನ್ ಫಾರಂನಲ್ಲಿ "ನೀವು ಮೊದಲ ಸಲ ಮನೆ ಕೊಳ್ಳುವವರೇ?" ಅಂತ ಒಂದು ಚೌಕ ಇತ್ತು. ರವಿ ಟಿಕ್ ಹಾಕಿದ. ಅದರಾಚೆ ಯಾರೂ ಒಂದು ಮಾತು ಕೇಳಲಿಲ್ಲ.

ಇಪ್ಪತ್ತು ನಿಮಿಷದ ಕರೆ

ಡಿಸೆಂಬರ್ ಮಧ್ಯದಲ್ಲಿ ದೀಪಾಗೆ ಸಾಕಾಯಿತು. "ರೀ, ನಾಳೆ ಆ ಹೈಸ್ಟ್ರೀಟ್ ಆಫೀಸಿಗೆ ಫೋನ್ ಮಾಡಿ, ಇಲ್ಲ ನಾನೇ ಮಾಡ್ತೀನಿ" ಅಂದಳು. ಮಾಡಿದ್ದು ಅವಳೇ. ಮಾಡುವ ಮೊದಲು ಎರಡು ಕೆಲಸ ಮಾಡಿಕೊಳ್ಳಲು ನಾನು ಹೇಳಿದ್ದೆ. ಆ ಲಾಯರ ಹೆಸರು ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆಯ ರಿಜಿಸ್ಟರಿನಲ್ಲಿ ಇದೆಯಾ ಅಂತ ನೋಡುವುದು, ಮತ್ತು ಸಾಲ ಕೊಡುವ ಬ್ಯಾಂಕು ಒಪ್ಪಿದ ಲಾಯರುಗಳ ಪಟ್ಟಿಯಲ್ಲಿ, ಅಂದರೆ ಅದರ ಪ್ಯಾನೆಲ್‌ನಲ್ಲಿ ಆ ಆಫೀಸು ಇದೆಯಾ ಅಂತ ಬ್ಯಾಂಕಿಗೆ ಕೇಳುವುದು. ಪ್ಯಾನೆಲ್‌ನಲ್ಲಿ ಇಲ್ಲದಿದ್ದರೆ ಬ್ಯಾಂಕು ತನಗೆ ಬೇರೆ ಲಾಯರನ್ನು ಇಟ್ಟುಕೊಳ್ಳುತ್ತದೆ, ಖರ್ಚು ನಿಮ್ಮದು. ಇಲ್ಲಿ ಸಾಮಾನ್ಯವಾಗಿ ನಿಮ್ಮ ಲಾಯರೇ ಬ್ಯಾಂಕಿನ ಲಾಯರೂ ಹೌದು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಆ ಆಫೀಸಿನ ಲಾಯರಮ್ಮನಿಗೆ ಐವತ್ತು ದಾಟಿರಬೇಕು. ಎರಡು ರೂಮಿನ ಆಫೀಸು, ಕೆಳಗೆ ಚಪ್ಪಲಿ ರಿಪೇರಿ ಅಂಗಡಿ. ಕರೆಯಲ್ಲಿ ಮನೆಯ ಬಗ್ಗೆ ಏನೂ ಕೇಳಲಿಲ್ಲವಂತೆ. ಹಣ ಎಲ್ಲಿಂದ ಬರುತ್ತದೆ ಅಂತ ಕೇಳಿದರು. ಯಾವ ತಾರೀಖಿಗೆ ಬೇಕು, ಆ ತಾರೀಖು ತಪ್ಪಿದರೆ ಏನಾಗುತ್ತದೆ ಅಂತ ಕೇಳಿದರು. ಆಮೇಲೆ, "ನಿಮ್ಮಿಬ್ಬರಲ್ಲಿ ಯಾರಿಗಾದರೂ ಪ್ರಪಂಚದ ಯಾವ ಮೂಲೆಯಲ್ಲಾದರೂ ಒಂದು ಮನೆ ಅಥವಾ ಮನೆಯಲ್ಲಿ ಪಾಲು ಇದೆಯಾ? ಕೊಂಡದ್ದು ಮಾತ್ರ ಅಲ್ಲ. ಯಾರಾದರೂ ತೀರಿಕೊಂಡ ಮೇಲೆ ಬಂದದ್ದೂ ಸೇರಿಸಿ ಹೇಳಿ."

ಸ್ಪೀಕರ್ ಆನ್ ಇತ್ತು. ರವಿ ಸುಮ್ಮನಾದ. ದೀಪಾ ಅವನ ಮುಖ ನೋಡಿದಳು.

ರವಿಯ ಅಪ್ಪ 2019ರಲ್ಲಿ ಹೋದರು. ಹಾಸನದ ಮನೆ ಅವರೇ ಸಂಪಾದಿಸಿ ಕಟ್ಟಿಸಿದ್ದು. ವಿಲ್ ಬರೆದಿರಲಿಲ್ಲ. ನಗರಸಭೆಯಲ್ಲಿ ಖಾತೆ ಅಮ್ಮನ ಹೆಸರಿಗೆ ಮಾಡಿಸಿದ್ದರು. ಖಾತೆ ಅಮ್ಮನದು, ಹಾಗಾಗಿ ಮನೆ ಅಮ್ಮನದು ಅಂತಲೇ ಎಲ್ಲರ ಲೆಕ್ಕ. ನನಗೆ ಗೊತ್ತಿರುವ ಹತ್ತು ಮನೆಯಲ್ಲಿ ಎಂಟರಲ್ಲಿ ಹೀಗೇ ಇದೆ.

ಲಾಯರಮ್ಮ ಭಾರತದ ಕಾನೂನು ತನಗೆ ಗೊತ್ತಿಲ್ಲ ಅಂತ ನೇರ ಹೇಳಿದರು. ಅಲ್ಲಿನ ವಕೀಲರಿಂದ ಒಂದು ಪುಟದ ಅಭಿಪ್ರಾಯ ತರಿಸಿ ಅಂದರು. ಇದು ನನಗೆ ಇಷ್ಟವಾಯಿತು. ಹಾಸನದ ವಕೀಲರು ವಂಶವೃಕ್ಷ, ಮರಣ ಪ್ರಮಾಣಪತ್ರ, ಕ್ರಯಪತ್ರ ನೋಡಿ ನಾಲ್ಕು ದಿನದಲ್ಲಿ ಬರೆದುಕೊಟ್ಟರು. ಖಾತೆ ಕಂದಾಯಕ್ಕೆ ಸಂಬಂಧಿಸಿದ್ದು, ಅದರಿಂದ ಮಾಲೀಕತ್ವ ಬರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ರವಿ, ಅವನ ತಂಗಿ, ಮೂವರಿಗೂ ತಲಾ ಮೂರನೇ ಒಂದು ಪಾಲು. ಅಪ್ಪ ತೀರಿಕೊಂಡ ದಿನವೇ ಬಂದಾಗಿದೆ.

ಅಂದರೆ ರವಿ ಮೊದಲ ಸಲ ಮನೆ ಪಡೆಯುವವನಲ್ಲ. ಇಲ್ಲಿನ ತೆರಿಗೆ ಇಲಾಖೆಯ ನಿಯಮದಲ್ಲಿ ವಾರಸುದಾರಿಕೆಯಿಂದ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ, ಅದು ಯಾವ ದೇಶದ್ದಾದರೂ ಸರಿ. ಇಬ್ಬರು ಸೇರಿ ಕೊಂಡರೆ ಇಬ್ಬರೂ ಮೊದಲ ಸಲದವರೇ ಆಗಿರಬೇಕು. ಸೊನ್ನೆ ಇದ್ದ ತೆರಿಗೆ ಮಾರ್ಚ್ 31ರ ಒಳಗಾದರೆ 6,750 ಪೌಂಡ್ ಆಯಿತು, ಆಮೇಲಾದರೆ 9,250.

ಅಷ್ಟೇ ಅಲ್ಲ. ಬೇರೆ ಮನೆ ಇರುವವರು ಇನ್ನೊಂದು ಕೊಂಡರೆ ಹೆಚ್ಚುವರಿ ತೆರಿಗೆ ಇದೆ. ಅದು 2024ರ ಅಕ್ಟೋಬರ್ 31ರಂದು ತಾನೇ ಶೇ. 3ರಿಂದ 5ಕ್ಕೆ ಏರಿತ್ತು. ಪೂರ್ತಿ ಬೆಲೆಗೆ ಶೇ. 5 ಅಂದರೆ ಇನ್ನೂ 19,250 ಪೌಂಡ್! ಆ ರಾತ್ರಿ ರವಿ ನಿದ್ದೆ ಮಾಡಲಿಲ್ಲ.

ಇಲ್ಲಿ ಲಾಯರಮ್ಮ ತಮ್ಮ ಫೀಸನ್ನು ಒಂದೇ ಮಾತಿನಲ್ಲಿ ದುಡಿದರು. ಈ ಹೆಚ್ಚುವರಿ ತೆರಿಗೆಗೆ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಮೇಲಿರಬೇಕು. ಇಡೀ ಮನೆಯ ಬೆಲೆ ಅಲ್ಲ, ಪಾಲಿನ ಬೆಲೆ. ಹಾಸನದಲ್ಲಿ ಒಬ್ಬ ವ್ಯಾಲ್ಯೂಯರ್ ಹತ್ತಿರ ಬರೆಸಿದರು, ಸುಮಾರು 90 ಲಕ್ಷ. ಮೂರನೇ ಒಂದು 30 ಲಕ್ಷ, ಆಗಿನ ದರದಲ್ಲಿ ಸುಮಾರು 28,000 ಪೌಂಡ್. 19,250 ಉಳಿಯಿತು. ಇದೇ ಮನೆ ಬೆಂಗಳೂರಿನ ಜಯನಗರದಲ್ಲಿ ಇದ್ದಿದ್ದರೆ ಕಥೆ ಬೇರೆ.

"ಯಾರಿಗೆ ಗೊತ್ತಾಗುತ್ತೆ?"

ಈ ಭಾಗ ಬಿಟ್ಟುಬಿಡಬಹುದಿತ್ತು. ಬರೆಯಲೇಬೇಕು ಅಂದವನು ರವಿಯೇ.

ಆ ವಾರ ಅವನು ನನಗೆ ಮೂರು ಸಲ ಫೋನ್ ಮಾಡಿದ. ಮೊದಲ ಸಲ, "ಅಕ್ಕಾ, ಖಾತೆಯಲ್ಲಿ ನನ್ನ ಹೆಸರೇ ಇಲ್ಲ, ಇಲ್ಲಿ ಯಾರಿಗೆ ಗೊತ್ತಾಗುತ್ತೆ?" ಅಂದ. ಲಾಯರಮ್ಮನಿಗೆ ಈಗ ಗೊತ್ತಿದೆಯಲ್ಲ ಅಂದೆ. ಗೊತ್ತಿದ್ದೂ ಅವರು ತಪ್ಪು ಫಾರಂ ಕಳಿಸುವುದಿಲ್ಲ. ಬೇರೆ ಲಾಯರ ಹತ್ತಿರ ಹೋಗಿ ಮುಚ್ಚಿಟ್ಟರೂ ಆ ರಿಟರ್ನಿನ ಜವಾಬ್ದಾರಿ ಕೊಳ್ಳುವವನದೇ, ಲಾಯರದ್ದಲ್ಲ. ಬೇಕಂತಲೇ ಸುಳ್ಳು ಬರೆದರೆ ತೆರಿಗೆ ಇಲಾಖೆ 20 ವರ್ಷದವರೆಗೂ ಹಿಂದೆ ಹೋಗಿ ಕೇಳಬಹುದು. ನಾಳೆ ಹಾಸನದ ಮನೆ ಮಾರಿ ಹಣ ಇಲ್ಲಿಗೆ ತಂದರೆ ತಾನೇ ಸಾಕ್ಷಿ ಒದಗಿಸಿದ ಹಾಗೆ.

ಎರಡನೇ ಸಲ, "ಪಾಲನ್ನು ಅಮ್ಮನಿಗೆ ಬಿಟ್ಟುಕೊಟ್ಟರೆ?" ಹಕ್ಕು ಖುಲಾಸೆ ಪತ್ರ. ಅದನ್ನು ಲಾಯರಮ್ಮನಿಗೇ ಕೇಳಿದ. ಉತ್ತರ ಸ್ಪಷ್ಟ ಇತ್ತು. ಹಿಂದೆ ಯಾವಾಗಲಾದರೂ ಪಡೆದಿದ್ದರೆ ಮುಗಿಯಿತು, ಈಗ ಬಿಟ್ಟುಕೊಟ್ಟರೂ ಮತ್ತೆ ಮೊದಲ ಸಲದವನಾಗುವುದಿಲ್ಲ. ಇಷ್ಟರಲ್ಲಿ ಅಮ್ಮನ ಕಿವಿಗೂ ಬಿದ್ದಿತ್ತು. "ಅಲ್ಲಿ ಮನೆ ತಗೊಳ್ಳೋಕೆ ಇಲ್ಲಿ ಮನೆ ಬಿಡಬೇಕಾ? ಪಾಲು ಅಂತ ಈ ಮನೇಲಿ ಯಾವತ್ತಾದ್ರೂ ಯಾರಾದ್ರೂ ಮಾತಾಡಿದ್ವಾ?" ಅಂತ ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. ಕೆಲಸಕ್ಕೆ ಬಾರದ ಒಂದು ಪತ್ರಕ್ಕೆ ಅವನು ಆತುರಪಟ್ಟು ಸಹಿ ಹಾಕಿದ್ದರೆ ತೆರಿಗೆಯೂ ಉಳಿಯುತ್ತಿರಲಿಲ್ಲ, ಪಾಲೂ ಹೋಗುತ್ತಿತ್ತು.

ಮೂರನೆಯದು ನಿಜವಾದ ದಾರಿ, ತೋರಿಸಿದ್ದು ಲಾಯರಮ್ಮನೇ. ದೀಪಾ ಒಬ್ಬಳೇ ಕೊಂಡರೆ? ಅವಳಿಗೆ ಎಲ್ಲೂ ಮನೆ ಇಲ್ಲ. ಮೊದಲ ಸಲದ ರಿಯಾಯಿತಿಗೆ ಕೊಳ್ಳುವವರನ್ನು ಮಾತ್ರ ನೋಡುತ್ತಾರೆ, ಗಂಡನ ಪಾಲು ಅಡ್ಡ ಬರುವುದಿಲ್ಲ. 6,750 ಪೂರ್ತಿ ಉಳಿಯುತ್ತದೆ. ಆದರೆ ದೀಪಾಳ ಒಂದೇ ಸಂಬಳಕ್ಕೆ 3,08,000 ಸಾಲ ಸಿಗುತ್ತಿರಲಿಲ್ಲ. ಇಬ್ಬರೂ ಸಾಲಗಾರರಾಗಿ ಒಬ್ಬರೇ ಮಾಲೀಕರಾಗುವ ಸಾಲ ಕೊಡುವ ಬ್ಯಾಂಕುಗಳಿವೆ. ಹಾಗೆ ಮಾಡಿದರೆ ಸಾಲದ ಅರ್ಜಿ ಮೊದಲಿಂದ ಹಾಕಬೇಕು. ಸಾಲಕ್ಕೆ ಹೊಣೆಯಾಗಿ ಮನೆಯಲ್ಲಿ ಹಕ್ಕಿಲ್ಲದ ರವಿ ಬೇರೆ ಲಾಯರಿಂದ ಸಲಹೆ ಪಡೆಯಬೇಕು. ಅವನ ಉಳಿತಾಯವೂ ಮನೆಗೆ ಹೋಗುವುದರಿಂದ ನಿಜವಾದ ಮಾಲೀಕ ಯಾರು ಅನ್ನುವ ಪ್ರಶ್ನೆಯೂ ಬರಬಹುದು. ಒಂದು ಸಂಜೆ ಇಬ್ಬರೂ ಕೂತು ಮಾತಾಡಿ ಬೇಡ ಅಂದರು. ನಾನಾಗಿದ್ದರೆ ಬಹುಶಃ ಪ್ರಯತ್ನಿಸುತ್ತಿದ್ದೆ. ಆದರೆ ನವೆಂಬರಿನಲ್ಲೇ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಸಾಲದ ಅರ್ಜಿಯನ್ನೇ ಬೇರೆ ಥರ ಹಾಕಬಹುದಿತ್ತು. ಅಗ್ಗದ ಫಾರಂನ ಆ ಚೌಕದ ಬೆಲೆ ಅಷ್ಟು.

ಚಕ್ಕುಬಂದಿ

ಹಣದ ಕಥೆ ಬೇಗ ಹೇಳುತ್ತೇನೆ. ಕೈಯಿಂದ ಹಾಕಬೇಕಾದ 77,000ದಲ್ಲಿ 52,000 ಇವರ ಉಳಿತಾಯ. ಉಳಿದ 25,000 ದೀಪಾಳ ಅಪ್ಪ ಮೈಸೂರಿನ ಸೈಟು ಮಾರಿ ಕೊಡುತ್ತಿದ್ದ ಉಡುಗೊರೆ. ವಾಪಸು ಕೇಳುವುದಿಲ್ಲ, ಮನೆಯಲ್ಲಿ ಹಕ್ಕು ಕೇಳುವುದಿಲ್ಲ ಅಂತ ಅವರು ಬರೆದು ಸಹಿ ಹಾಕಬೇಕು. ಅಷ್ಟೇ ಸಾಲದು. ಅವರ ಗುರುತಿನ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸೈಟು ಮಾರಿದ ಕ್ರಯಪತ್ರ, ಎಲ್ಲ ಬೇಕು. ಮಾವನಿಗೆ ಸಿಟ್ಟು ಬಂತು. "ನಾನೇನು ಕಳ್ಳನಾ?" ಹಣದ ಮೂಲ ನೋಡುವುದು ಇಲ್ಲಿನ ಲಾಯರಿಗೆ ಕಾನೂನಿನ ಕಟ್ಟು, ನಿಮ್ಮ ಮೇಲಿನ ಅನುಮಾನ ಅಲ್ಲ ಅಂತ ಅರ್ಥ ಮಾಡಿಸಲು ದೀಪಾಗೆ ಒಂದು ವಾರ ಬೇಕಾಯಿತು.

ಕ್ರಯಪತ್ರ ಕನ್ನಡದಲ್ಲಿತ್ತು. ಇಲ್ಲಿಯ ಅನುವಾದ ಕಂಪನಿಗೆ ಕೊಟ್ಟರು. ಬಂದದ್ದು ನೋಡಿ ನಾನೂ ದೀಪಾನೂ ಹೊಟ್ಟೆ ಹಿಡಿದು ನಕ್ಕೆವು. ಚಕ್ಕುಬಂದಿಯನ್ನು, ಅಂದರೆ ಸೈಟಿನ ನಾಲ್ಕೂ ದಿಕ್ಕಿನ ಗಡಿಯ ವಿವರವನ್ನು, ಅನುವಾದಕ "ಚೌಕಾಕಾರದ ಬೇಲಿ" ಅಂತ ಇಂಗ್ಲಿಷಿಗೆ ಇಳಿಸಿದ್ದ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸೈಟು, ಎಲ್ಲ ಆ ಬೇಲಿಯ ನಾಲ್ಕು ಕಂಬಗಳಾಗಿ ನಿಂತಿದ್ದವು. ಲಾಯರಮ್ಮ ಗಂಭೀರವಾಗಿ, "ಸೈಟು ಮಾರಿದರಾ, ಬೇಲಿ ಮಾರಿದರಾ?" ಅಂತ ಈಮೇಲ್ ಬರೆದರು. ಮೈಸೂರಿನ ನೋಟರಿ ಹತ್ತಿರ ಮತ್ತೆ ಮಾಡಿಸಿದರು. ಎರಡು ವಾರ ಹೋಯಿತು. ಹಣ ಭಾರತದಿಂದ ಬರುವುದಾದರೆ ಅನುವಾದವನ್ನು ಅಲ್ಲೇ, ಕ್ರಯಪತ್ರ ಓದಿ ಗೊತ್ತಿರುವವರ ಹತ್ತಿರ ಮಾಡಿಸಿ.

ಪತ್ರದಲ್ಲಿ ಬರೆದ ಮೊತ್ತವೂ ಬ್ಯಾಂಕಿಗೆ ಬಂದ ಮೊತ್ತವೂ ಒಂದೇ ಇತ್ತು, ಹಾಗಾಗಿ ಬಚಾವು. ಅದಕ್ಕಿಂತ ಜಾಸ್ತಿ ಕೈ ಬದಲಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬ್ಯಾಂಕಿನಲ್ಲಿ ಕಾಣದ ಹಣ ಇಲ್ಲಿನ ಮನೆಗೆ ಬರುವುದಿಲ್ಲ, ಅಷ್ಟೇ. ಇನ್ನೊಂದು, ಮಾವ ಕಳಿಸಿದ್ದು 27 ಲಕ್ಷ, ಅವರ ಖಾತೆಯಿಂದ ಹೋದದ್ದು 31. ಆಗಿನ ನಿಯಮದಲ್ಲಿ ಹೀಗೆ ಹೊರಗೆ ಕಳಿಸುವ ಹಣ 7 ಲಕ್ಷ ದಾಟಿದರೆ ಮೇಲಿನದಕ್ಕೆ ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಿದ್ದರು (2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷ ಆಯಿತು). ಅದು ರಿಟರ್ನಿನಲ್ಲಿ ಹೊಂದಾಣಿಕೆ ಆಗುತ್ತದೆ ನಿಜ, ಆದರೆ ಕಳಿಸುವ ದಿನ ಖಾತೆಯಲ್ಲಿ ಇರಲೇಬೇಕು.

ಭಾನುವಾರ ರಾತ್ರಿ

ಫೆಬ್ರವರಿ ಹೊತ್ತಿಗೆ ಎಲ್ಲ ಸರಿದಾರಿಗೆ ಬಂದಿತ್ತು. ಸಾಲ ಮಂಜೂರು, ಸರ್ಚ್‌ಗಳು ಬಂದವು. ಉಳಿದದ್ದು ದೀಪಾ ಮೆಚ್ಚಿದ ಆ ಅಡಿಗೆಮನೆ.

ಅದನ್ನು 2016ರಲ್ಲಿ ಕಟ್ಟಿದ್ದರು. ಕಟ್ಟಡ ನಿಯಮದ ಪ್ರಕಾರ ಕೆಲಸ ಮುಗಿದಿದೆ ಅಂತ ಕೌನ್ಸಿಲ್ ಕೊಡುವ ಸರ್ಟಿಫಿಕೇಟ್ ಮಾಲೀಕನ ಹತ್ತಿರ ಇರಲಿಲ್ಲ. ನೀರಿನ ಕಂಪನಿಯ ನಕ್ಷೆ ನೋಡಿದರೆ ಆ ಅಡಿಗೆಮನೆಯ ಅಡಿಯಲ್ಲೇ ಅಕ್ಕಪಕ್ಕದ ಮನೆಗಳ ಒಳಚರಂಡಿ ಹಾದುಹೋಗಿತ್ತು. 2011ರ ಅಕ್ಟೋಬರ್‌ನಿಂದ ಇಂಥ ಹಂಚಿಕೆಯ ಕೊಳವೆಗಳು ನೀರಿನ ಕಂಪನಿಗಳಿಗೆ ಸೇರಿವೆ. ಅದರ ಮೇಲೆ ಕಟ್ಟಲು ಅವರ ಒಪ್ಪಿಗೆ ಬೇಕು. ಅದೂ ಇಲ್ಲ.

ಮಾರುವವನ ಲಾಯರು ಮಾಮೂಲಿ ಉತ್ತರ ಕೊಟ್ಟ. ಎರಡಕ್ಕೂ ಇಂಡೆಮ್ನಿಟಿ ಪಾಲಿಸಿ ಮಾಡಿಸಿಕೊಡುತ್ತೇವೆ. ಅಂದರೆ ಮುಂದೆ ಕೌನ್ಸಿಲ್ ಅಥವಾ ನೀರಿನ ಕಂಪನಿ ಬಂದು ತಕರಾರು ಮಾಡಿದರೆ ಇನ್ಶೂರೆನ್ಸ್ ಕಂಪನಿ ನಷ್ಟ ಕೊಡುತ್ತದೆ. ಗೋಡೆ ಸರಿಯಾಗಿ ಕಟ್ಟಿದೆಯಾ ಅನ್ನುವುದಕ್ಕೆ ಆ ಪಾಲಿಸಿ ಜವಾಬ್ದಾರಿಯಲ್ಲ. ಅದಕ್ಕೆ ಸರ್ವೇಯರ್ ಬೇರೆ, ಕೊಳವೆಗೆ ಕ್ಯಾಮೆರಾ ಬಿಟ್ಟು ನೋಡುವವರು ಬೇರೆ. ಲಾಯರಮ್ಮ ಇದನ್ನೆಲ್ಲ ಆರು ಪುಟದ ವರದಿಯಲ್ಲಿ ಬರೆದಿದ್ದರು. ಮೂರನೇ ಪುಟದಲ್ಲಿ ಒಂದು ಸಾಲು: ಈ ವಿಷಯವಾಗಿ ನೀವಾಗಿ ಕೌನ್ಸಿಲ್‌ಗಾಗಲಿ ನೀರಿನ ಕಂಪನಿಗಾಗಲಿ ಯಾವ ಕಾರಣಕ್ಕೂ ಬರೆಯಬೇಡಿ.

ರವಿ ಮೊದಲ ಪುಟ ಓದಿದ್ದ.

ಫೆಬ್ರವರಿ 16, ಭಾನುವಾರ. ರಾತ್ರಿ ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದ. ಕೆಲಸ ಬೇಗ ಆಗಲಿ ಅಂತ ಕೌನ್ಸಿಲ್ಲಿನ ಕಟ್ಟಡ ವಿಭಾಗಕ್ಕೆ ಈಮೇಲ್ ಬರೆದ. ಮನೆಯ ಪೂರ್ತಿ ವಿಳಾಸ, ಪೋಸ್ಟ್‌ಕೋಡು, ಅಡಿಗೆಮನೆಯ ಎರಡು ಫೋಟೋ, "ಇದಕ್ಕೆ ಸರ್ಟಿಫಿಕೇಟ್ ಇಲ್ಲವಂತೆ, ದಯವಿಟ್ಟು ನಿಮ್ಮ ದಾಖಲೆ ನೋಡಿ ಹೇಳುವಿರಾ?" ಅಷ್ಟು ವಿನಯದ ಪತ್ರ ಅವನು ಅದಕ್ಕೂ ಮೊದಲು ಬರೆದಿರಲಿಕ್ಕಿಲ್ಲ. ಸೋಮವಾರ ಬೆಳಿಗ್ಗೆ ನಂಬರ್ ಸಮೇತ ಸ್ವೀಕೃತಿ ಬಂತು. ಹೆಮ್ಮೆಯಿಂದ ಲಾಯರಮ್ಮನಿಗೆ ಕಳಿಸಿದ.

ಹತ್ತು ನಿಮಿಷದಲ್ಲಿ ಫೋನ್ ಬಂತು. ಅಪಾಯಿಂಟ್‌ಮೆಂಟ್ ಇಲ್ಲದೆ ಅವರು ಕರೆ ಮಾಡಿದ್ದು ಅದೇ ಮೊದಲು. "ನೀವು ಕಳಿಸಿಬಿಟ್ಟಿರಾ?" ಅಂತ ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲವಂತೆ. ಆ ಪಾಲಿಸಿ ಕೊಡುವುದೇ ಕೌನ್ಸಿಲ್‌ಗೆ ವಿಷಯ ತಿಳಿಸಿಲ್ಲ ಅನ್ನುವ ಷರತ್ತಿನ ಮೇಲೆ. ಈಗ ತಿಳಿಸಿ ಆಗಿದೆ. ಪಾಲಿಸಿ ಸಿಗುವುದಿಲ್ಲ. ಬ್ಯಾಂಕಿನ ಪರವಾಗಿಯೂ ತಾವೇ ಇರುವುದರಿಂದ ಇದನ್ನು ಬ್ಯಾಂಕಿಗೂ ಹೇಳಲೇಬೇಕು, ಕಣ್ಣು ಮುಚ್ಚಿ ಮುಂದೆ ಹೋಗೋಣ ಅನ್ನುವ ಹಾಗೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಏಜೆಂಟ್ ಫೋನ್ ಮಾಡಿ ಕಿರುಚಿದ. ಮನೆ ಮಾಲೀಕ ಮನೆಯನ್ನೇ ಮಾರುಕಟ್ಟೆಗೆ ವಾಪಸು ಹಾಕುತ್ತೇನೆ ಅಂದ. ಆದರೆ ಅವನ ಕೈಯೂ ಕಟ್ಟಿಹೋಗಿತ್ತು, ಮುಂದೆ ಯಾರೇ ಬಂದರೂ ಅವರಿಗೂ ಇದೇ ತೊಡಕು. ಲಾಯರಮ್ಮ ಅದನ್ನು ಎದುರಿನ ಲಾಯರಿಗೆ ಜಗಳವಾಡದೆ, ಎರಡೇ ಪ್ಯಾರಾದಲ್ಲಿ ಬರೆದರು. ನಾನು ಆ ಪತ್ರ ಓದಿದ್ದೇನೆ. ಬೇರೆ ದಾರಿ ಇದೆ, ಮಾಲೀಕನೇ ಕೌನ್ಸಿಲ್‌ಗೆ ಅರ್ಜಿ ಹಾಕಿ ಹಳೇ ಕೆಲಸವನ್ನು ಸಕ್ರಮ ಮಾಡಿಸಿಕೊಳ್ಳಬಹುದು, ನಮ್ಮ ಕಕ್ಷಿದಾರರು ಕಾಯಲು ಸಿದ್ಧ. ಅಷ್ಟೇ. ಒಂದು ವಾರದ ನಂತರ ಅವನು ಒಪ್ಪಿದ, ಖರ್ಚೂ ತಾನೇ ಹಾಕಿಕೊಂಡ.

ಇನ್‌ಸ್ಪೆಕ್ಟರ್ ಮಾರ್ಚ್ 12ಕ್ಕೆ ಬಂದ. ಹಿಂದಿನ ಗೋಡೆ ತೆಗೆದ ಜಾಗದ ಮೇಲಿನ ಕಬ್ಬಿಣದ ತೊಲೆ ಕಾಣುವಂತೆ ಗಾರೆ ಒಡೆಸಿದ, ಪಾಯದ ಪಕ್ಕ ಗುಂಡಿ ತೋಡಿಸಿದ. ತೊಲೆ ಗಟ್ಟಿ ಇತ್ತು. ಬೆಂಕಿ ತಡೆಯಲು ಅದರ ಸುತ್ತ ಹಾಕಬೇಕಾದ ಹೊದಿಕೆ ಇರಲಿಲ್ಲ. ಹಾಕಿಸಿದರು. ಮಾರ್ಚ್ 31 ಬಂದು ಹೋಯಿತು. ಆ ದಿನ ರವಿ ಸ್ಪ್ರೆಡ್‌ಶೀಟಿನ ಕೆಂಪು ಸಾಲನ್ನು ಅಳಿಸಿದನಂತೆ. ಏಪ್ರಿಲ್ 7ಕ್ಕೆ ಸರ್ಟಿಫಿಕೇಟ್, 11ಕ್ಕೆ ಎಕ್ಸ್‌ಚೇಂಜ್, ಮೇ 2ಕ್ಕೆ ಕೀ. ತೆರಿಗೆ 9,250. ಭಾನುವಾರದ ಈಮೇಲಿನ ಬೆಲೆ 2,500 ಪೌಂಡ್ ಅಂತ ದೀಪಾ ಈಗಲೂ ಲೆಕ್ಕ ಹೇಳುತ್ತಾಳೆ.

ನನಗೆ ಆ ಲೆಕ್ಕ ಪೂರ್ತಿ ಒಪ್ಪಿಗೆ ಇಲ್ಲ. ಈಮೇಲ್ ಹೋಗದಿದ್ದರೆ ಪಾಲಿಸಿ ಬರುತ್ತಿತ್ತು, ಮಾರ್ಚ್‌ನಲ್ಲೇ ಮನೆ ಸಿಗುತ್ತಿತ್ತು, ಹೊದಿಕೆ ಇಲ್ಲದ ತೊಲೆಯ ಕೆಳಗೆ ದೀಪಾ ದೋಸೆ ಹಾಕುತ್ತಿದ್ದಳು. ತಪ್ಪು ದಾರಿಯಲ್ಲಿ ಹೋಗಿ ಒಳ್ಳೇದಾಯಿತು ಅಂದರೆ ರವಿಗೆ ಸಮಾಧಾನ, ಹಾಗಾಗಿ ಅವನ ಮುಂದೆ ಜಾಸ್ತಿ ಹೇಳುವುದಿಲ್ಲ. ಲಾಯರಮ್ಮನ ಕಡೆಯೂ ಒಂದು ಮಾತಿದೆ. ಅಷ್ಟು ಮುಖ್ಯವಾದ ಎಚ್ಚರಿಕೆಯನ್ನು ಮೂರನೇ ಪುಟದ ನಡುವೆ ಇಡಬಾರದಿತ್ತು. ಅದನ್ನು ಅವರಿಗೆ ದೀಪಾ ಹೇಳಿದಳು. ಈಗ ಅವರು ಅದನ್ನು ಬೇರೆ ಈಮೇಲಾಗಿ ಕಳಿಸುತ್ತಾರಂತೆ.

ಆಮೇಲೆ ಮನೆ ಕೊಂಡ ಇನ್ನಿಬ್ಬರಿಗೆ ನಾನು ಇದನ್ನೇ ಹೇಳಿದೆ. ದರ ಕೇಳುವ ಮೊದಲು ಒಂದು ಕರೆ ಮಾಡಿ, ಅವರು ನಿಮ್ಮನ್ನು ಏನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ನನ್ನ ಫೈಲನ್ನು ಯಾರು ಹಿಡಿಯುತ್ತಾರೆ, ಅವರು ರಜೆ ಹೋದರೆ ಯಾರು ಅಂತ ನೀವು ಕೇಳಿ. ಊರಿನ ಮನೆ, ಪಾಲು, ವಿಲ್ ಇದೆಯೋ ಇಲ್ಲವೋ, ಇದನ್ನೆಲ್ಲ ಮನೆ ನೋಡಲು ಹೋಗುವ ಮೊದಲೇ ಹೇಳಿಬಿಡಿ, ಆಫರ್ ಆದ ಮೇಲಲ್ಲ. ಮೊದಲಿನ ಕಂಪನಿಯ ಹಾಗೆ ಆದರೆ ಸುಮ್ನೆ ಬಿಡಬೇಡಿ. ರವಿ, ದೀಪಾ ಬಿಟ್ಟುಬಂದ ಫೈಲಿಗೂ ಅವರು 180 ಪೌಂಡ್ ಬಿಲ್ ಕಳಿಸಿದ್ದರು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು, ಎಂಟು ವಾರದಲ್ಲಿ ಸರಿಹೋಗದಿದ್ದರೆ ಲಾಯರುಗಳ ಮೇಲಿನ ದೂರು ನೋಡುವ ಲೀಗಲ್ ಓಂಬುಡ್ಸ್‌ಮನ್ ಇದ್ದಾರೆ. ದೀಪಾ ಆ ಹೆಸರು ಬರೆದ ಮೇಲೆ ಆರನೇ ವಾರದಲ್ಲಿ ಬಿಲ್ ರದ್ದಾಯಿತು.

ಮುಂಗಡ ಕಳಿಸುವ ದಿನ ಮಾತ್ರ ತನಗೆ ಹೇಳಿದ್ದನ್ನು ರವಿ ಚಾಚೂ ತಪ್ಪದೆ ಮಾಡಿದ. ಈಮೇಲಿನಲ್ಲಿ ಬಂದ ಖಾತೆ ನಂಬರನ್ನು ನಂಬದೆ, ಮೊದಲೇ ಬರೆದಿಟ್ಟುಕೊಂಡ ನಂಬರಿಗೆ ಫೋನ್ ಮಾಡಿ ಓದಿಸಿ, ಒಂದು ಪೌಂಡ್ ಕಳಿಸಿ, ಬಂತು ಅಂತ ಹೇಳಿಸಿಕೊಂಡು ಉಳಿದದ್ದು ಕಳಿಸಿದ. ಲಾಯರುಗಳ ಈಮೇಲ್ ಕದ್ದು ಖಾತೆ ನಂಬರ್ ಬದಲಿಸುವ ಕಳ್ಳರು ಇಲ್ಲಿ ಹೊಸಬರಲ್ಲ.

ಕೆಲವು ತಿಂಗಳ ಮೇಲೆ ಲ್ಯಾಂಡ್ ರಿಜಿಸ್ಟ್ರಿಯಿಂದ ನೋಂದಣಿ ಮುಗಿದು ಲಾಯರಮ್ಮ ಪಿಡಿಎಫ್ ಕಳಿಸಿದರು. ನಾಲ್ಕು ಪುಟ. ಇಬ್ಬರ ಹೆಸರು, ಬ್ಯಾಂಕಿನ ಸಾಲ, ಕೊನೆಯಲ್ಲಿ ಒಂದು ನಕ್ಷೆ, ಮನೆಯ ಸುತ್ತ ಕೆಂಪು ಗೆರೆ. ರವಿ ಅದನ್ನು ಹಾಸನಕ್ಕೆ ವಾಟ್ಸಾಪ್ ಮಾಡಿದ. ಅಮ್ಮ ಕನ್ನಡಕ ಹಾಕಿಕೊಂಡು, ಫೋನನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರಂತೆ.

"ಇಷ್ಟೇನಾ? ಪತ್ರ ಎಲ್ಲೋ?"

"ಇದೇ ಅಮ್ಮ ಪತ್ರ. ಇಲ್ಲಿ ಹೀಗೇ."

"ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಮನೆ ಅಂತ ಬರೆದೇ ಇಲ್ವಲ್ಲೋ. ಚಕ್ಕುಬಂದಿ ಹಾಕಿಸ್ಕೊಳ್ಳದೆ ದುಡ್ಡು ಕೊಟ್ಬಿಟ್ಯಾ?"